ಮನುಷ್ಯರಿಗಷ್ಟೇ ತಗಲುವ ಎಚ್‌ಪಿವಿಗೆ ಪ್ರಾಣಿಗಳಲ್ಲಿ ಲಸಿಕೆ ಪರೀಕ್ಷಿಸಿದ್ದು ಹೇಗೆ?

ಪ್ರಶ್ನೆ:
ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ನನ್ನ 12 ವರ್ಷದ ಮಗಳಿಗೆ ಹಾಕಿಸಬೇಕೆಂದಿದ್ದೇನೆ. ಈ ವೈರಸ್ ಮನುಷ್ಯರನ್ನು ಬಿಟ್ಟು ಬೇರೆ ಪ್ರಾಣಿಗಳಿಗೆ ತಗಲುವುದಿಲ್ಲವೆಂದು ಓದಿದೆ. ಹಾಗಿದ್ದರೆ, ಲಸಿಕೆ ಸೋಂಕನ್ನು ತಡೆಯಬಲ್ಲದೆಂದು ಮನುಷ್ಯರಿಗೆ ಕೊಡುವ ಮೊದಲೇ ಕಂಡುಕೊಂಡದ್ದು ಹೇಗೆ?

ಉತ್ತರ 1:
ನೀವು ಓದಿದ್ದು ಸರಿ. ಎಚ್‌ಪಿವಿ ಸೇರಿದ ಪ್ಯಾಪಿಲೋಮಾ ವೈರಸ್‌ಗಳು ಸಾಮಾನ್ಯವಾಗಿ ಒಂದೊಂದು ಜೀವಿಗೆ ಒಂದೊಂದು ಬಗೆಯವು. ಆದ್ದರಿಂದ ಸಂಶೋಧಕರು ಆಯಾ ಪ್ರಾಣಿಯದೇ ವೈರಸ್ಸನ್ನು ಆರಿಸಿಕೊಂಡರು. ಕಾಡುಮೊಲಗಳ ಮೈಮೇಲೆ ಏಳುವ ಕೊಂಬಿನಂಥ ಗಂಟುಗಳಿಗೆ ವೈರಸ್ಸೇ ಕಾರಣವೆಂದು ಅಮೆರಿಕದ ರಿಚರ್ಡ್ ಶೋಪ್ 1933ರಲ್ಲೇ ತೋರಿಸಿದ್ದರು. ಅವು ಕ್ಯಾನ್ಸರ್‌ಗೆ ತಿರುಗಬಲ್ಲವೆಂದು ಪೇಟನ್ ರೌಸ್ ಸ್ವಲ್ಪದರಲ್ಲೇ ಕಂಡುಕೊಂಡರು.

ಆದರೆ ನಿಮ್ಮ ಪ್ರಶ್ನೆಗೆ ನೇರ ಉತ್ತರವಿರುವುದು 1995ರಲ್ಲಿ ಪ್ರಕಟವಾದ ಬೀಗಲ್ ನಾಯಿಗಳ ಪ್ರಯೋಗದಲ್ಲಿ. ನಾಯಿಗಳ ಬಾಯೊಳಗೆ ನರಹುಲಿ ಎಬ್ಬಿಸುವ ವೈರಸ್ಸಿನ ಹೊರಕವಚದ ಎಲ್1 ಪ್ರೋಟೀನನ್ನಷ್ಟೇ ತಯಾರಿಸಿ ಲಸಿಕೆಯಾಗಿ ಕೊಟ್ಟು, ಆಮೇಲೆ ನಿಜವಾದ ವೈರಸ್ಸನ್ನೇ ಬಾಯಿಗೆ ಸೋಂಕಿಸಿದಾಗ ಆ ನಾಯಿಗಳಿಗೆ ರೋಗ ಬರಲಿಲ್ಲ. ಅವುಗಳ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳನ್ನು (ವೈರಸ್ಸನ್ನು ತಡೆಯಲು ದೇಹವೇ ತಯಾರಿಸುವ ಪ್ರೋಟೀನ್‌ಗಳನ್ನು) ಲಸಿಕೆ ಪಡೆಯದ ನಾಯಿಗಳಿಗೆ ಕೊಟ್ಟಾಗ ಅವೂ ಪಾರಾದವು. ಈ ಎರಡನೆಯ ಫಲಿತಾಂಶವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಕಾಪಾಡಿದ್ದು ಪ್ರತಿಕಾಯಗಳೇ ಎಂಬುದು ಅದರಿಂದ ಖಚಿತವಾಯಿತು. ಪ್ರೋಟೀನಿನ ಸಹಜ ಆಕಾರ ಕೆಟ್ಟರೆ ರಕ್ಷಣೆ ಸಿಗದೆಂಬುದೂ ತಿಳಿಯಿತು. ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ಪಡೆದ ಗಾರ್ಡಸಿಲ್, ನಮ್ಮಲ್ಲಿ 2022ರಲ್ಲಿ ಒಪ್ಪಿಗೆ ಪಡೆದ, ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ಎರಡೂ ಎಚ್‌ಪಿವಿ ಲಸಿಕೆಗಳು ಎಚ್‌ಪಿವಿಯ ಇಂಥದೇ ಎಲ್1 ಕವಚವನ್ನು ನೆಚ್ಚಿಕೊಂಡಿವೆ.

ಪ್ರಶ್ನೆ ಕೇಳಿದವರು:
ತುಂಬ ಧನ್ಯವಾದಗಳು. ನನಗೆ 41 ವರ್ಷ. ಸೋಂಕು ಈಗಾಗಲೇ ಇದ್ದರೆ ಇದೇ ಲಸಿಕೆ ಅದನ್ನು ಗುಣಪಡಿಸುತ್ತದೆಯೇ? ಇಲಿಗಳಲ್ಲಿ ಗೆಡ್ಡೆಯೇ ಕರಗಿತೆಂಬ ಸುದ್ದಿಗಳನ್ನು ನೋಡಿದ್ದೇನೆ.

ಉತ್ತರ 2:
ಇಲ್ಲ, ಇದು ತಡೆಯುವ ಲಸಿಕೆ ಮಾತ್ರ. ಇಲಿಗಳ ಸುದ್ದಿಯನ್ನು ದಯವಿಟ್ಟು ಎಚ್ಚರದಿಂದ ಓದಿ. ಅಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಟಿಸಿ-1 ಗೆಡ್ಡೆಯನ್ನು, ಎಚ್‌ಪಿವಿ 16 ಎಂಬ ಬಗೆಯ ವೈರಸ್ಸಿನ, ಕ್ಯಾನ್ಸರ್‌ಗೆ ಕಾರಣವಾಗುವ ಇ6, ಇ7 ಜೀನ್‌ಗಳನ್ನು ಸೇರಿಸಿದ ಇಲಿಯ ಶ್ವಾಸಕೋಶದ ಜೀವಕೋಶಗಳಿಂದ ಬೆಳೆಸುತ್ತಾರೆ. ಅವನ್ನು ಚರ್ಮದಡಿ ಚುಚ್ಚಿದರೆ ಕೆಲವೇ ವಾರಗಳಲ್ಲಿ ಗೆಡ್ಡೆ ಬೆಳೆಯುತ್ತದೆ. ಮಹಿಳೆಯರಲ್ಲಾದರೋ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ಅದು ದೇಹದ ರೋಗನಿರೋಧಕ ವ್ಯವಸ್ಥೆಯಿಂದ ತಪ್ಪಿಸಿಕೊಳ್ಳುವುದನ್ನು ಕಲಿತಿರುತ್ತದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಇರುವ ಕ್ಯಾನ್ಸರನ್ನು ಗುಣಪಡಿಸಲೆಂದು ತಯಾರಿಸಿದ, ಎಚ್‌ಪಿವಿಗಷ್ಟೇ ಸೀಮಿತವಲ್ಲದ ಬೇರೆ ಬೇರೆ ಚಿಕಿತ್ಸಕ ಲಸಿಕೆಗಳನ್ನು ಪಡೆದ 440 ರೋಗಿಗಳ ಪೈಕಿ ಗೆಡ್ಡೆ ಕುಗ್ಗಿದ್ದು ಶೇಕಡಾ 2.6ರಷ್ಟು ಜನರಲ್ಲಿ ಮಾತ್ರವೆಂದು 2004ರಲ್ಲಿ ವರದಿಯಾಗಿತ್ತು. ನೀವು ಸ್ತ್ರೀರೋಗ ತಜ್ಞರನ್ನು ಕಂಡು ಎಚ್‌ಪಿವಿ ಪರೀಕ್ಷೆ ಅಥವಾ ಪ್ಯಾಪ್ ಪರೀಕ್ಷೆ (ಗರ್ಭಕಂಠದ ಜೀವಕೋಶಗಳ ತಪಾಸಣೆ) ಮಾಡಿಸಿಕೊಳ್ಳಿ, ಮಗಳ ಲಸಿಕೆಯನ್ನು ಮುಂದೂಡಬೇಡಿ.