ಕೌಳಿ ಗಿಡ ಸೊಂಪಾಗಿದೆ, ಕಾಯಿ ಮಾತ್ರ ಇಲ್ಲ

ಪ್ರಶ್ನೆ: ಮೇಡಂ, ನಮ್ಮೂರು ಶಿರಸಿ ಕಡೆ, ಈಗ ಇರುವುದು ಮೈಸೂರಿನಲ್ಲಿ. ಕೌಳಿ (ಕವಳೆ, ಕರಂಡೆ ಅಂತಲೂ ಹೇಳುತ್ತಾರೆ) ಹಣ್ಣಿನ ಆಸೆಗೆ ಕಾಂಪೌಂಡ್ ಪಕ್ಕ ಎರಡು ಗಿಡ ನೆಟ್ಟು ನಾಲ್ಕು ವರ್ಷವಾಯಿತು. ದಿನಾ ನೀರು ಹಾಕುತ್ತೇವೆ, ತಿಂಗಳಿಗೊಮ್ಮೆ ಸಗಣಿ ಗೊಬ್ಬರ. ಮುಳ್ಳು ತಾಗುತ್ತದೆ ಅಂತ ಎರಡು ತಿಂಗಳಿಗೊಮ್ಮೆ ಕತ್ತರಿಯಲ್ಲಿ ಸಮ ಮಾಡಿಸುತ್ತೇನೆ. ಗಿಡ ಹಸಿರಾಗಿ ತುಂಬಿಕೊಂಡಿದೆ, ಹೂವೇ ಇಲ್ಲ. ನರ್ಸರಿಯವರು ಬೇರೆ ಗಿಡ ಕೊಟ್ಟರಾ? ಫೋಟೋ ಹಾಕಿದ್ದೇನೆ.

ಉತ್ತರ: ಗಿಡ ಕೌಳಿಯೇ, ಅನುಮಾನ ಬೇಡ. ನಿಮಗೆ ಅಡ್ಡ ಬಂದಿರುವುದು ಆ ಕತ್ತರಿ. ಕೌಳಿ ಹೂ ಬಿಡುವುದು ರೆಂಬೆಯ ತುದಿಯಲ್ಲಿ. ಚಿಗುರು ಬಲಿತು ಮೊಗ್ಗು ಕಟ್ಟುವ ಹೊತ್ತಿಗೆ ನೀವು ತುದಿಯನ್ನೇ ಕತ್ತರಿಸಿದರೆ ಹೂ ಎಲ್ಲಿಂದ ಬರಬೇಕು? ಇನ್ನು ಕತ್ತರಿಸುವುದು ವರ್ಷಕ್ಕೆ ಒಂದೇ ಸಲ, ಹಣ್ಣು ಮುಗಿದು ಮಳೆ ಶುರುವಾದಾಗ. ದಾರಿಗೆ ಬಂದ ರೆಂಬೆಯನ್ನು ಮಾತ್ರ ಬುಡದಿಂದ ತೆಗೆಯಿರಿ. ಮೇಲೆ ಚಪ್ಪಟೆಯಾಗಿ ಸಮ ಮಾಡಲೇಬೇಡಿ.

ಎರಡನೆಯದು ನೀರು, ಗೊಬ್ಬರ. ಊರಿನ ಬೆಟ್ಟದಲ್ಲಿ ಕೌಳಿಗೆ ಯಾರು ನೀರು ಹಾಕಿದ್ದರು ಹೇಳಿ. ಜಂಬಿಟ್ಟಿಗೆ ಕಲ್ಲಿನ ಸಂದಿಯಲ್ಲಿ, ಬೇಸಿಗೆಯ ಕಾದ ನೆಲದಲ್ಲಿ ಬೆಳೆಯುವ ಗಿಡ ಅದು. ನಾಲ್ಕು ವರ್ಷದ ಗಿಡಕ್ಕೆ ದಿನಾ ನೀರು ಬೇಕಾಗಿಲ್ಲ. ಮಳೆ ನಿಂತ ಮೇಲೆ ಹೂ ಕಾಣುವವರೆಗೆ ಸುಮ್ನೆ ಬಿಟ್ಟುಬಿಡಿ. ಕಾಯಿ ಕಚ್ಚಿದ ಮೇಲೆ ನೆಲ ತೀರಾ ಒಣಗಿದರೆ ಆಗೊಮ್ಮೆ ಈಗೊಮ್ಮೆ ಹಾಕಿದರೆ ಸಾಕು. ಗೊಬ್ಬರ ಮಳೆಗಾಲದ ಮೊದಲು ಒಂದು ಬುಟ್ಟಿ. ಗೊಬ್ಬರ ಜಾಸ್ತಿಯಾದರೆ ಎಲೆಯೇ ಬರುತ್ತದೆ, ಅದನ್ನು ನೀವೇ ನೋಡಿದ್ದೀರಲ್ಲ.

ಪ್ರಶ್ನೆ: ಬಿಸಿಲು ಬೆಳಿಗ್ಗೆ ಮಾತ್ರ ಬೀಳುತ್ತದೆ. ಮಧ್ಯಾಹ್ನ ಪಕ್ಕದ ಮನೆಯ ನೆರಳು. ತೊಂದರೆಯಾ?

ಉತ್ತರ: ಗಿಡ ಸಾಯುವುದಿಲ್ಲ, ಕಾಯಿ ಕಡಿಮೆಯಾಗುತ್ತದೆ. ಇಷ್ಟು ದೊಡ್ಡ ಗಿಡ ಕೀಳುವುದು ಬೇಡ. ಬೇರೆ ಕಡೆ ಪೂರ್ತಿ ಬಿಸಿಲಿನ ಜಾಗವಿದ್ದರೆ ಹೊಸದೊಂದು ನೆಡಿ. ಬಿಡಿ ಗಿಡವಾದರೆ ಸುತ್ತ ಎಂಟು ಅಡಿ ಜಾಗ ಬೇಕು. ಬೇಲಿಗಾದರೆ ಮೂರ್ನಾಲ್ಕು ಅಡಿಗೆ ಒಂದು. ನೀರು ನಿಲ್ಲುವ ಜಾಗ ಮಾತ್ರ ಬೇಡವೇ ಬೇಡ.

ಇನ್ನೊಬ್ಬರು: ನಡುವೆ ಬಂದೆ, ಕ್ಷಮಿಸಿ. ನಮ್ಮ ಗಿಡದಲ್ಲಿ ದೊಡ್ಡ ಬಿಳಿ ನಕ್ಷತ್ರದಂಥ ಹೂ ಬರುತ್ತದೆ, ಹಣ್ಣು ಕೆಂಪಾಗಿಯೇ ಉಳಿಯುತ್ತದೆ, ಕಪ್ಪಾಗುವುದೇ ಇಲ್ಲ. ಇದೂ ಕೌಳಿಯಾ?

ಉತ್ತರ: ಅದು ನಟಾಲ್ ಪ್ಲಮ್, ದಕ್ಷಿಣ ಆಫ್ರಿಕಾ ಮೂಲದ್ದು. ಕೌಳಿಯ ಜಾತಿಯದೇ, ಆದರೆ ನಮ್ಮದಲ್ಲ. ಅಂದಕ್ಕೆ ಬೆಳೆಸುವುದು ಜಾಸ್ತಿ. ಅದರ ಎಲೆ ದಪ್ಪ, ಮಿರಮಿರ ಹೊಳೆಯುತ್ತದೆ. ಮುಳ್ಳಿನ ತುದಿ ಎರಡಾಗಿ ಕವಲೊಡೆದಿರುತ್ತದೆ. ನಮ್ಮ ಕೌಳಿಯ ಹೂ ಚಿಕ್ಕದು, ಮಲ್ಲಿಗೆಯಂಥದ್ದು, ಗೊಂಚಲಾಗಿ ಬರುತ್ತದೆ. ಕಾಯಿ ಹಸಿರಿನಿಂದ ಕೆಂಪಾಗಿ ಆಮೇಲೆ ಕಪ್ಪಾಗುತ್ತದೆ. ನಿಮ್ಮ ಗಿಡದ ಹಣ್ಣನ್ನೂ ಪೂರ್ತಿ ಕೆಂಪಾದ ಮೇಲೆ ತಿನ್ನಬಹುದು.

ಪ್ರಶ್ನೆ: ಹೊಸ ಗಿಡ ಬೀಜದಿಂದ ಮಾಡಲಾ? ನರ್ಸರಿಯಿಂದ ತರಲಾ?

ಉತ್ತರ: ಮೇ ತಿಂಗಳಲ್ಲಿ ಊರಿಗೆ ಹೋಗುತ್ತೀರಲ್ವಾ? ಬೆಟ್ಟದಲ್ಲಿ ರುಚಿ ಚೆನ್ನಾಗಿರುವ ಗಿಡ ನೋಡಿ ಪೂರ್ತಿ ಕಪ್ಪಾದ ಹಣ್ಣು ತನ್ನಿ. ಕಿವುಚಿ, ಬೀಜ ತೊಳೆದು, ನೆರಳಲ್ಲಿ ಸ್ವಲ್ಪ ಆರಿಸಿ ಕೂಡಲೇ ಬಿತ್ತಿ. ಡಬ್ಬಿಯಲ್ಲಿಟ್ಟು ತಿಂಗಳುಗಟ್ಟಲೆ ಕಾದರೆ ಮೊಳೆಯುವುದಿಲ್ಲ. ಬೀಜದ ಗಿಡ ಮೂರನೇ ವರ್ಷದ ಹೊತ್ತಿಗೆ ಕಾಯಿ ಕೊಡಲು ಶುರು ಮಾಡುತ್ತದೆ. ತಾಯಿ ಗಿಡದ ಗುಣವೇ ಬೇಕೆಂದರೆ ಮಳೆಗಾಲದಲ್ಲಿ ಗೂಟಿ ಕಟ್ಟಬೇಕು, ಅಂದರೆ ಗಿಡದಲ್ಲಿರುವ ರೆಂಬೆಗೇ ತೊಗಟೆ ಸುಲಿದು ಒದ್ದೆ ಪಾಚಿ ಸುತ್ತಿ ಬೇರು ಬರಿಸಬೇಕು. ದೊಡ್ಡ ಕಾಯಿ ಬೇಕಿದ್ದರೆ ಮಹಾರಾಷ್ಟ್ರದ ದಾಪೋಲಿ ಕೃಷಿ ವಿಶ್ವವಿದ್ಯಾಲಯದ ‘ಕೊಂಕಣ ಬೋಲ್ಡ್’ ತಳಿ ಇದೆ. ನನ್ನ ಕೇಳಿದರೆ ಬೆಟ್ಟದ್ದೇ ರುಚಿ.

ಪ್ರಶ್ನೆ: ಅತ್ತೆಗೆ ಉಪ್ಪಿನಕಾಯಿ ಹಾಕುವ ಆಸೆ. ಯಾವಾಗ ಕೀಳಬೇಕು?

ಉತ್ತರ: ಕಾಯಿ ಹಸಿರಿದ್ದು ಒಳಗಿನ ಬೀಜ ಇನ್ನೂ ಗಟ್ಟಿಯಾಗದಿರುವಾಗ. ಒಂದನ್ನು ಉಗುರಲ್ಲಿ ಸೀಳಿ ನೋಡಿದರೆ ಗೊತ್ತಾಗುತ್ತದೆ. ತೊಟ್ಟು ಮುರಿದರೆ ಬಿಳಿ ಹಾಲು ಸುರಿದು ಬೆರಳಿಗೆಲ್ಲ ಅಂಟುತ್ತದೆ. ಕೀಳುವ ಮೊದಲೇ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಕಿತ್ತದ್ದನ್ನು ನೀರಲ್ಲಿ ಹಾಕಿ, ಹಾಲಿನ ಅಂಟು ಹೋಗುವವರೆಗೆ ಎರಡು ಮೂರು ಸಲ ತೊಳೆದು, ಬಟ್ಟೆಯಲ್ಲಿ ಒರೆಸಿ, ಆಮೇಲೆ ಉಪ್ಪಿಗೆ ಹಾಕಿ. ಕಾಯಿ ಉಳಿದರೆ ಮಕ್ಕಳಿಗೆ ಸಕ್ಕರೆ ಪಾಕದಲ್ಲಿ ಹಾಕಿಡಿ. ಬೇಕರಿ ಕೇಕಿನ ಮೇಲೆ ಚೆರ್ರಿ ಅಂತ ಕೂರಿಸುತ್ತಾರಲ್ಲ, ನಮ್ಮಲ್ಲಿ ಅದು ಬಹುಪಾಲು ಕೌಳಿಕಾಯಿಯೇ. ಬೀಜ ತೆಗೆದು, ಪಾಕಕ್ಕೆ ಹಾಕಿ, ಕೆಂಪು ಬಣ್ಣ ಸೇರಿಸಿರುತ್ತಾರೆ. ಮನೆಯಲ್ಲಿ ಆ ಬಣ್ಣ ಬೇಡ.