ಸಿ ಭಾಷೆ: ಫಂಕ್ಷನ್‌ಗೆ ಕೊಟ್ಟ ಸ್ಟ್ರಿಂಗ್ ಏಳು ಬೈಟ್‌ಗೇ ತುಂಡಾಗುತ್ತಿದೆ

ಪ್ರಶ್ನೆ:
ನಮಸ್ಕಾರ. ಹೆಸರೊಂದನ್ನು ನಕಲಿಸಿಕೊಳ್ಳುವ ಚಿಕ್ಕ ಫಂಕ್ಷನ್ ಬರೆದಿದ್ದೇನೆ. ಮೇನ್‌ನಲ್ಲಿ 50 ಚಾರ್‌ಗಳ (ಒಂದೊಂದು ಬೈಟ್‌ನ ಅಂಶಗಳ) ಅರೇ, ಅಂದರೆ ಸಾಲು, ಘೋಷಿಸಿ ಅದನ್ನು ಫಂಕ್ಷನ್‌ಗೆ ಕೊಡುತ್ತೇನೆ. ಫಂಕ್ಷನ್ ಒಳಗೆ ಮಿತಿ ಮೀರದಿರಲೆಂದು ಸೈಜ್‌ಆಫ್‌ನಿಂದ ಅಳತೆ ಪಡೆದು ಎಸ್‌ಎನ್‌ಪ್ರಿಂಟ್‌ಎಫ್ ಮೂಲಕ ನಕಲಿಸುತ್ತೇನೆ. ಇಂಗ್ಲಿಷ್ ಹೆಸರಾದರೆ ಏಳೇ ಅಕ್ಷರ ಉಳಿಯುತ್ತವೆ. ‘ಕಮಲ’ ಎಂದು ಕೊಟ್ಟರೆ ‘ಕಮ’ ಎಂದಷ್ಟೇ ಬಂದು, ಪಕ್ಕದಲ್ಲಿ ಅರ್ಥವಾಗದ ಚಿಹ್ನೆಯೊಂದು ಕಾಣುತ್ತದೆ. ಸೈಜ್‌ಆಫ್ ಮೇನ್‌ನಲ್ಲಿ 50 ಎನ್ನುತ್ತದೆ, ಫಂಕ್ಷನ್‌ನಲ್ಲಿ 8 ಎನ್ನುತ್ತದೆ. ಪ್ಯಾರಾಮೀಟರ್‌ನ ಆವರಣದಲ್ಲಿಯೂ 50 ಎಂದೇ ಬರೆದಿದ್ದೇನೆ. ಕಂಪೈಲರ್ ಎಚ್ಚರಿಕೆಯೊಂದನ್ನು ಕೊಟ್ಟರೂ ಪ್ರೋಗ್ರಾಂ ಓಡುತ್ತದೆ.

ಉತ್ತರ:
ಆ ಎಚ್ಚರಿಕೆಯಲ್ಲಿಯೇ ನಿಮ್ಮ ಉತ್ತರವಿದೆ. ದಯವಿಟ್ಟು ಅದನ್ನೊಮ್ಮೆ ಓದಿ. ಪ್ಯಾರಾಮೀಟರನ್ನು ಅರೇಯ ರೂಪದಲ್ಲಿ ಬರೆದರೂ ಕಂಪೈಲರ್ ಅದನ್ನು ಪಾಯಿಂಟರ್ (ಮೆಮೊರಿಯ ವಿಳಾಸವನ್ನು ಹಿಡಿದಿಡುವ ವೇರಿಯಬಲ್) ಎಂದೇ ಪರಿಗಣಿಸುತ್ತದೆ, ಮತ್ತು ಆವರಣದೊಳಗಿನ 50 ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕರೆಯುವಾಗ ಅರೇಯ ಹೆಸರು ಅದರ ಮೊದಲ ಅಂಶದ ವಿಳಾಸವಾಗಿ ಮಾರ್ಪಡುವುದರಿಂದ ಫಂಕ್ಷನ್‌ಗೆ ತಲುಪುವುದು ಆ ವಿಳಾಸ ಮಾತ್ರ. ನಿಮ್ಮ 64 ಬಿಟ್ ಯಂತ್ರದಲ್ಲಿ ಪಾಯಿಂಟರ್‌ನ ಅಳತೆ 8 ಬೈಟ್. ಅದರಲ್ಲಿ ಸ್ಟ್ರಿಂಗ್ ಮುಗಿಯಿತೆಂದು ತಿಳಿಸುವ ಕೊನೆಯ ಶೂನ್ಯಕ್ಕೆ ಒಂದು ಹೋದರೆ ಉಳಿಯುವುದು ಏಳು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’, ‘ಮ’, ‘ಲ’ ಒಂದೊಂದಕ್ಕೂ ಮೂರು ಬೈಟ್ ಬೇಕು. ಎರಡು ಅಕ್ಷರಗಳಿಗೆ ಆರು ಮುಗಿದು, ಏಳನೆಯದಾಗಿ ‘ಲ’ಕಾರದ ಮೊದಲ ಬೈಟ್ ಮಾತ್ರ ಬಂದಿದೆ. ನೀವು ಕಂಡ ಚಿಹ್ನೆ ಅದೇ.

ಪರಿಹಾರ ಸರಳ: ಅಳತೆಯನ್ನು ಎರಡನೆಯ ಆರ್ಗ್ಯುಮೆಂಟ್ ಆಗಿ ಕಳುಹಿಸಿ. ಸೈಜ್‌ಆಫ್ ಬಳಸಬೇಕಾದದ್ದು ಅರೇ ಘೋಷಣೆಯಾದ ಜಾಗದಲ್ಲಿ, ಅಂದರೆ ನಿಮ್ಮ ಮೇನ್‌ನಲ್ಲಿ. ಇದಕ್ಕೆ ಬದಲಾಗಿ ಫಂಕ್ಷನ್ ಒಳಗೆ ಸ್ಟ್ರ್‌ಲೆನ್ ಬಳಸಬಾರದು. ಅದು ಶೂನ್ಯ ಸಿಗುವವರೆಗೆ ಎಷ್ಟು ಬೈಟ್ ಇದೆಯೆಂದು ಎಣಿಸುತ್ತದೆಯೇ ಹೊರತು ಎಷ್ಟು ಹಿಡಿಸುತ್ತದೆಂದು ಹೇಳುವುದಿಲ್ಲ, ಇನ್ನೂ ಏನನ್ನೂ ತುಂಬಿರದ ಅರೇಯಲ್ಲಂತೂ ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಇಂಟ್ (ಪೂರ್ಣಾಂಕ) ಅರೇಗಳಿಗೆ ಅಂಥ ಕೊನೆಯ ಗುರುತೂ ಇಲ್ಲವಾದ್ದರಿಂದ ಎಣಿಕೆಯನ್ನು ನೀವೇ ತಿಳಿಸಬೇಕು.

ಮರುಪ್ರಶ್ನೆ:
ಧನ್ಯವಾದಗಳು, ಸರಿಹೋಯಿತು. ಹಾಗಾದರೆ ಫಂಕ್ಷನ್ ಮಾಡಿದ ಬದಲಾವಣೆ ಮೇನ್‌ನಲ್ಲಿಯೂ ಉಳಿಯುತ್ತದೆ ಎಂದುಕೊಂಡು, ಚಾರ್ ಪಾಯಿಂಟರ್ ಒಂದನ್ನು ಕೊಟ್ಟು ಫಂಕ್ಷನ್ ಒಳಗೆ ಮಾಲಾಕ್‌ನಿಂದ ಹೊಸ ಮೆಮೊರಿ ಪಡೆದೆ. ಹಿಂದಿರುಗಿದ ಮೇಲೆ ಆ ಪಾಯಿಂಟರ್ ನಲ್ (ಏನನ್ನೂ ತೋರಿಸದ್ದು) ಆಗಿಯೇ ಇದೆ. ಅಲ್ಲದೆ, ಸಣ್ಣಕ್ಷರಗಳನ್ನು ದೊಡ್ಡದಾಗಿಸುವ ಫಂಕ್ಷನ್‌ಗೆ ಅರೇ ಕೊಟ್ಟರೆ ಕೆಲಸ ಮಾಡುತ್ತದೆ, ಉದ್ಧರಣ ಚಿಹ್ನೆಯೊಳಗಿನ ಸ್ಟ್ರಿಂಗನ್ನು ತೋರಿಸುವ ಪಾಯಿಂಟರ್ ಕೊಟ್ಟರೆ ಸೆಗ್ಮೆಂಟೇಶನ್ ಫಾಲ್ಟ್ ಬಂದು ಪ್ರೋಗ್ರಾಂ ನಿಲ್ಲುತ್ತದೆ.

ಉತ್ತರ:
ಇವೆರಡೂ ಬೇರೆ ಬೇರೆ ಸಮಸ್ಯೆಗಳು. ಸಿ ಭಾಷೆಯಲ್ಲಿ ಆರ್ಗ್ಯುಮೆಂಟ್‌ಗಳು ಯಾವಾಗಲೂ ನಕಲಾಗಿಯೇ ಹೋಗುತ್ತವೆ, ಪಾಯಿಂಟರ್ ಕೂಡ. ನಕಲಿನಲ್ಲಿರುವ ವಿಳಾಸಕ್ಕೆ ಹೋಗಿ ಅಲ್ಲಿ ಬರೆದರೆ ಮೂಲ ಅರೇ ಬದಲಾಗುತ್ತದೆ; ಆದರೆ ಮಾಲಾಕ್ ಕೊಟ್ಟ ಹೊಸ ವಿಳಾಸವನ್ನು ನಕಲಿಗೇ ತುಂಬಿದರೆ ಮೇನ್‌ನಲ್ಲಿರುವ ಪಾಯಿಂಟರ್‌ಗೆ ಅದರ ಸುಳಿವೂ ಸಿಗುವುದಿಲ್ಲ, ಪಡೆದ ಮೆಮೊರಿಯನ್ನು ಫ್ರೀ ಮಾಡಿ ಹಿಂದಿರುಗಿಸುವ ದಾರಿಯೂ ತಪ್ಪಿಹೋಗುತ್ತದೆ. ಪಾಯಿಂಟರ್‌ನ ವಿಳಾಸವನ್ನೇ ಕಳುಹಿಸಬಹುದು, ಆಗ ಪ್ಯಾರಾಮೀಟರ್‌ನಲ್ಲಿ ಎರಡು ನಕ್ಷತ್ರ ಬೇಕಾಗುತ್ತದೆ. ಹೊಸ ವಿಳಾಸವನ್ನು ರಿಟರ್ನ್ ಮಾಡುವುದೇ ಓದಲು ಸುಲಭವೆಂಬುದು ನನ್ನ ಅಭಿಪ್ರಾಯ. ಆದರೆ ಫಂಕ್ಷನ್‌ನ ಒಳಗೇ ಸಾಮಾನ್ಯವಾಗಿ ಘೋಷಿಸಿದ ಅರೇಯ ವಿಳಾಸವನ್ನು ರಿಟರ್ನ್ ಮಾಡಬೇಡಿ; ಫಂಕ್ಷನ್ ಮುಗಿದೊಡನೆ ಆ ಅರೇಯ ಆಯುಷ್ಯವೂ ಮುಗಿಯುತ್ತದೆ.

ಎರಡನೆಯದು: ಉದ್ಧರಣ ಚಿಹ್ನೆಯೊಳಗಿನ ಸ್ಟ್ರಿಂಗ್ ಸಾಮಾನ್ಯವಾಗಿ ಓದಲು ಮಾತ್ರ ಅನುಮತಿಯಿರುವ ಮೆಮೊರಿಯಲ್ಲಿರುತ್ತದೆ, ಅದನ್ನು ತಿದ್ದಿದರೆ ಏನಾಗುತ್ತದೆಂದು ಭಾಷೆಯ ಮಾನಕ ಯಾವ ಭರವಸೆಯನ್ನೂ ಕೊಡುವುದಿಲ್ಲ. ಅದೇ ಸ್ಟ್ರಿಂಗಿನಿಂದ ಅರೇಯನ್ನು ಆರಂಭಿಸಿದಾಗ ತಿದ್ದಬಹುದಾದ ಒಂದು ಪ್ರತಿ ನಿಮ್ಮದಾಗುತ್ತದೆ. ಅಂಥ ಪಾಯಿಂಟರ್‌ಗಳನ್ನು ಕಾನ್ಸ್ಟ್ ಚಾರ್ (ತಿದ್ದಬಾರದ ಚಾರ್) ಎಂದು ಘೋಷಿಸುವ ಅಭ್ಯಾಸವಿದ್ದರೆ, ತಿದ್ದುವ ಫಂಕ್ಷನ್‌ಗೆ ಅವುಗಳನ್ನು ಕೊಟ್ಟಾಗ ಕಂಪೈಲರ್ ಮೊದಲೇ ಎಚ್ಚರಿಸುತ್ತದೆ.

ಇನ್ನೊಬ್ಬರ ಸೇರ್ಪಡೆ:
ಸಿ ಭಾಷೆಯ 1999ರ ಮಾನಕವಾದ ಸಿ99ರಿಂದ ಪ್ಯಾರಾಮೀಟರ್‌ನ ಆವರಣದಲ್ಲಿ 50ರ ಮುಂಚೆ ಸ್ಟ್ಯಾಟಿಕ್ ಎಂದು ಬರೆಯಬಹುದು. ಕನಿಷ್ಠ 50 ಅಂಶಗಳಿರುವ ಅರೇಯೇ ಬರುತ್ತದೆಂಬ ಮಾತನ್ನು ಅದು ಕೊಡುತ್ತದೆ, ಆದರೆ ಸೈಜ್‌ಆಫ್ ಆಗಲೂ ಪಾಯಿಂಟರ್‌ನ ಅಳತೆಯನ್ನೇ ಹೇಳುತ್ತದೆ. ಅಳತೆ ಉಳಿಯಲೇಬೇಕೆಂದರೆ 50 ಚಾರ್‌ಗಳ ಇಡೀ ಅರೇಗೆ ಪಾಯಿಂಟರ್ ಕೊಡಬೇಕು. ಆಗ ಬೇರೆ ಅಳತೆಯ ಅರೇಗಳಿಗೆ ಆ ಫಂಕ್ಷನ್ ಉಪಯೋಗಕ್ಕೆ ಬಾರದು, ಹಾಗಾಗಿ ಹೆಸರುಗಳಂಥ ಸ್ಟ್ರಿಂಗ್‌ಗಳಿಗೆ ಅಳತೆಯನ್ನು ಪ್ರತ್ಯೇಕವಾಗಿ ಕಳುಹಿಸುವುದೇ ಮೇಲು.