ಫ್ಲ್ಯಾಶ್ ಪಲ್ಮನರಿ ಎಡಿಮಾಗೆ ಕನ್ನಡದಲ್ಲಿ ಏನನ್ನೋದು?

ಎಲ್ರಿಗೂ ನಮಸ್ಕಾರ. ಕಿಡ್ನಿ ರೋಗಿಗಳಿಗೆ ಕೊಡೋ ಒಂದು ಕೈಪಿಡೀನ ಕನ್ನಡಕ್ಕೆ ತರ್ತಾ ಇದೀನಿ, 'ಫ್ಲ್ಯಾಶ್ ಪಲ್ಮನರಿ ಎಡಿಮಾ' (ಶ್ವಾಸಕೋಶದೊಳಗೆ ಏಕಾಏಕಿ ನೀರು ತುಂಬೋದು) ಹತ್ರ ಬಂದು ನಿಂತಿದೆ.

ಎಡಿಮಾ ಅಂದ್ರೆ ಊತ, ಕಾಲಿಗಾದ್ರೆ ಸರಿ, ಆದ್ರೆ 'ಶ್ವಾಸಕೋಶದ ಊತ' ಅಂದ್ರೆ ಓದೋರಿಗೆ ಏನೂ ಹೊಳೆಯಲ್ಲ. 'ಶ್ವಾಸಕೋಶದಲ್ಲಿ ನೀರು' ಎಲ್ರಿಗೂ ಗೊತ್ತಾಗುತ್ತೆ, ಕಷ್ಟ ಏನಂದ್ರೆ ಶ್ವಾಸಕೋಶದ ಹೊರಗಡೆ ಪೊರೆಗಳ ಮಧ್ಯೆ ನೀರು ಸೇರ್ಕೊಂಡು ಸೂಜಿ ಹಾಕಿ ತೆಗೀತಾರಲ್ಲ, ಅದಕ್ಕೂ ಜನ ಇದನ್ನೇ ಅನ್ನೋದು. ಇಲ್ಲಿ ನೀರು ಗಾಳಿಚೀಲಗಳ ಒಳಗೇ ಇಳಿದಿರುತ್ತೆ, ಸೂಜಿಗೆ ಸಿಗಲ್ಲ.

ಸಂದರ್ಭ ಇದು: ಎರಡೂ ಕಿಡ್ನಿಗೆ ರಕ್ತ ಒಯ್ಯೋ ನಾಳಗಳು (ಅಥ್ವಾ ಕೆಲಸ ಮಾಡ್ತಿರೋ ಒಂದೇ ಕಿಡ್ನಿಯ ನಾಳ) ಹೆಚ್ಚಾಗಿ ಕೊಬ್ಬು ಕಟ್ಟಿ ಕಿರಿದಾಗಿರುತ್ತೆ, ಕಿಡ್ನಿ ಮೈಯಲ್ಲಿ ರಕ್ತಾನೇ ಕಮ್ಮಿ ಅಂದ್ಕೊಂಡು ರೆನಿನ್ (ಬಿಪಿ ಏರೋಕೆ ದಾರಿ ಮಾಡೋ ರಸ) ಬಿಡುತ್ತೆ, ಬಿಪಿ ಏರುತ್ತೆ, ಉಪ್ಪೂ ನೀರೂ ಹೊರಗೆ ಹೋಗದೆ ಉಳ್ಕೊಳ್ಳುತ್ತೆ, ಮೊದ್ಲೇ ಗಡುಸಾಗಿರೋ ಹೃದಯದ ಎಡಭಾಗಕ್ಕೆ ತಡ್ಕೊಳ್ಳೋಕಾಗದೆ ಒತ್ತಡ ಹಿಂದಕ್ಕೆ ಶ್ವಾಸಕೋಶಕ್ಕೆ ಬೀಳುತ್ತೆ. ಚೆನ್ನಾಗೇ ಮಲಗಿದ್ದೋರು ನಡುರಾತ್ರಿ ಎದ್ದು ಕೂತು ಏದುಸಿರು ಬಿಡ್ತಾರೆ, ಬಾಯಲ್ಲಿ ನೊರೆನೊರೆ ಕಫ. ಆಮೇಲೆ ಎಕೋ (ಹೃದಯದ ಸ್ಕ್ಯಾನ್) ಮಾಡಿದ್ರೆ ಹೃದಯದ ಪಂಪಿಂಗ್ ನಾರ್ಮಲ್ ಅಂತ್ಲೇ ಬರಬಹುದು, ಆದ್ರೂ ಕಿಡ್ನಿ ಕಡೆ ಎಷ್ಟೋ ಸಲ ಗಮನ ಹೋಗಲ್ಲ. 1988ರಲ್ಲಿ ಪಿಕರಿಂಗ್ ಮತ್ತೆ ಜೊತೆಗಾರರು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಈ ನಂಟಿನ ಬಗ್ಗೆ ಬರೆದ್ರು, 2011ರಲ್ಲಿ ಇದಕ್ಕೆ ಪಿಕರಿಂಗ್ ಸಿಂಡ್ರೋಮ್ ಅಂತ ಹೆಸರಿಟ್ರು. ಆ ಹೆಸರು ರೋಗಿಗೆ ಏನೂ ಹೇಳಲ್ಲ ಬಿಡಿ.

ಫ್ಲ್ಯಾಶ್‌ಗೆ 'ಮಿಂಚಿನ' ಅಂದ್ರೆ ನಗು ಬರುತ್ತೆ. 'ಹಠಾತ್' ಅಂದ್ರೆ ಮುಂದಿನ ಪದ ಸಾವು ಅಂತ್ಲೇ ಕಿವಿಗೆ ಅಭ್ಯಾಸ ಆಗಿದೆ, ರೋಗಿ ಕೈಗೆ ಕೊಡೋ ಪುಸ್ತಕದಲ್ಲಿ ಅದು ಬೇಡ. 'ದಿಢೀರ್' ಟಿವಿ ಸುದ್ದಿ ಥರ. ನಂಗೆ 'ಏಕಾಏಕಿ' ಒಪ್ಪಿಗೆ.

ಇನ್ನು ಸ್ಟೆನೋಸಿಸ್, ಅಂದ್ರೆ ನಾಳ ಹೀಗೆ ಸಣ್ಣದಾಗೋದು. 'ಸಂಕೋಚನ' ಅಂತ ಬರೆಯೋದು ನೋಡಿದೀನಿ, ಅದು ತಪ್ಪು ಅಂತ ನನ್ನ ವಾದ, ಸಂಕೋಚನ ಆಗಿದ್ದು ಮತ್ತೆ ಹಿಗ್ಗುತ್ತೆ ಅಂತ ಓದೋರು ತಿಳ್ಕೋತಾರೆ, ಕೊಬ್ಬು ಕಟ್ಟಿದ ನಾಳ ಹಾಗೆ ತಾನಾಗೇ ಹಿಗ್ಗಲ್ಲ, ಕೆಲವರಿಗೆ ಸ್ಟೆಂಟ್ ಹಾಕೋದೇ ಅದಕ್ಕೆ. 'ಕಟ್ಕೊಂಡಿದೆ' ಅಂದ್ರೆ ಪೂರ್ತಿ ಬ್ಲಾಕ್ ಅಂತಾಗುತ್ತೆ. 'ಕಿರಿದಾಗಿದೆ' ಸಾಕಲ್ವಾ?

ಸದ್ಯಕ್ಕೆ 'ಕಿಡ್ನಿ ರಕ್ತನಾಳ ಕಿರಿದಾಗಿ ಶ್ವಾಸಕೋಶದೊಳಗೆ ಏಕಾಏಕಿ ನೀರು ತುಂಬೋದು' ಅಂತ ಬರ್ಕೊಂಡಿದೀನಿ, ಅರ್ಥ ಆಗುತ್ತೆ ಆದ್ರೆ ತಲೆಬರಹಕ್ಕೆ ತುಂಬಾ ಉದ್ದ. ಇಲ್ಲಿರೋ ಡಾಕ್ಟರುಗಳು ಮನೆಯೋರಿಗೆ ಇದನ್ನ ಯಾವ ಮಾತಲ್ಲಿ ಹೇಳ್ತೀರಿ? ಪುಸ್ತಕದ ಪದ ಬೇಡ, ವಾರ್ಡಲ್ಲಿ ಆಡೋ ಮಾತೇ ಬೇಕು.